ತೂರುವ ಗಾಳಿ ಬೇಡದ ಬಲೂನು: ಕೊಪ್ಪಳದ ಎರೆಬಯಲಲ್ಲಿ ಮೂರು ದಿನ

ಮೊದಲ ದಿನ: ಕಾಯುವ ಸಂಜೆ

ಬಳ್ಳಾರಿಯಿಂದ ಹೊಸಪೇಟೆವರೆಗಿನ ದಾರಿಯಲ್ಲಿ ಲಾರಿಗಳ ಹಿಂದೆ ಸಾಗುವುದೇ ಕೆಲಸ. ಹೊಳೆ ದಾಟಿ ಮುನಿರಾಬಾದಿಗೆ ಬಂದ ಮೇಲೆ ರಸ್ತೆ ಹಗುರಾಗುತ್ತದೆ. ಕೊಪ್ಪಳದ ಕೋಟೆಗುಡ್ಡವನ್ನು ಹಿಂದೆ ಬಿಟ್ಟು, ಭಾನಾಪುರದ ಹತ್ತಿರ ಹೆದ್ದಾರಿಯಿಂದ ಕುಕನೂರಿನ ಕಡೆ ಹೊರಳಿದರೆ ಬಂಡೆಗಳು ಮುಗಿದು ಎರೆಹೊಲ ಶುರು. ಜನವರಿಯ ಎರೆ ನೋಡಲು ಸೊಗಸು. ಒಂದು ಕಡೆ ತೆನೆ ಬಿಟ್ಟ ಬಿಳಿಜೋಳ, ಇನ್ನೊಂದು ಕಡೆ ಕಡಲೆ, ನಡುನಡುವೆ ಆಗಲೇ ಕಿತ್ತು ಖಾಲಿಯಾದ ಕರಿ ನೆಲ. ದೂರದಲ್ಲಿ ಗಾಳಿಯಂತ್ರಗಳು. ಊರವರು ಅವನ್ನು ‘ಫ್ಯಾನು’ ಎನ್ನುತ್ತಾರೆ.

ಜನರನ್ನು ಹೊತ್ತು ಹಾರುವ ಬಿಸಿಗಾಳಿ ಬಲೂನಿನ ಉತ್ಸವವನ್ನು ಹಂಪಿ, ಆನೆಗೊಂದಿ ಬಿಟ್ಟು ಇಲ್ಲಿ ಯಾಕೆ ಮಾಡುತ್ತಾರೆ ಎಂದು ಕೇಳುವವರಿಗೆ ಉತ್ತರ ಈ ಬಯಲೇ. ಬಲೂನಿಗೆ ಏಳುವ ಜಾಗಕ್ಕಿಂತ ಇಳಿಯುವ ಜಾಗ ಮುಖ್ಯ. ಹಂಪಿಯ ಮೇಲೆ ಹಾರಿದರೆ ಫೋಟೊ ಚೆಂದ ಬರುತ್ತದೆ, ಆದರೆ ಇಳಿಯಲು ಸಿಗುವುದು ಬಂಡೆ, ಹೊಳೆ, ಬಾಳೆತೋಟ, ನಾಟಿ ಮಾಡಿದ ಭತ್ತದ ಕೆಸರು. ಇಲ್ಲಿ ಇಟಗಿ, ಕುಕನೂರು ಸುತ್ತ ಕಟಾವಾದ ಹೊಲಗಳು ಒಂದಕ್ಕೊಂದು ತಾಗಿಕೊಂಡಿವೆ. ತಪ್ಪಿಸಬೇಕಾದದ್ದು ವಿದ್ಯುತ್ ತಂತಿ ಮತ್ತು ಆ ಫ್ಯಾನುಗಳನ್ನು.

ಮೈದಾನ ತಲುಪಿದಾಗ ಮೂರೂವರೆ. ಜನ ಆಗಲೇ ಸೇರಿದ್ದರು, ಟ್ರ್ಯಾಕ್ಟರ್ ತುಂಬ ಮಕ್ಕಳು ಬಂದಿದ್ದರು. ಬಲೂನು ಮಾತ್ರ ಕಾಣಲಿಲ್ಲ. ಮೂರು ಟ್ರೇಲರ್‌ಗಳಲ್ಲಿ ಮೂರು ಬುಟ್ಟಿ, ಪಕ್ಕದಲ್ಲಿ ಬಲೂನಿನ ಬಟ್ಟೆ ತುರುಕಿದ ಕ್ಯಾನ್ವಾಸ್ ಚೀಲಗಳು, ಅಷ್ಟೇ. ಕಂಬಕ್ಕೆ ಕಟ್ಟಿದ ರಿಬ್ಬನ್ ನೆಟ್ಟಗೆ ಅಡ್ಡ ನಿಂತಿತ್ತು. ಮೂಡಗಾಳಿ ಗಂಟೆಗೆ 20 ಕಿಲೋಮೀಟರ್ ಮೇಲಿತ್ತು ಎಂದು ಕೈಯಲ್ಲಿ ಹಿಡಿಯುವ ಗಾಳಿಮಾಪಕ ತೋರಿಸುತ್ತಿತ್ತು. ಬಲೂನು ಏರಿಸಲು ಗಂಟೆಗೆ 10 ಕಿಲೋಮೀಟರ್ ಒಳಗಿದ್ದರೆ ನೆಮ್ಮದಿ. 15 ದಾಟಿದರೆ ಪೈಲಟ್‌ಗಳು ಚೀಲ ಬಿಚ್ಚುವುದಕ್ಕೇ ಹಿಂದೆಮುಂದೆ ನೋಡುತ್ತಾರೆ. ಅರ್ಧ ತುಂಬಿದ ಬಲೂನು ಹಾಯಿಯಂತೆ ಗಾಳಿ ಹಿಡಿಯುತ್ತದೆ, ಬುಟ್ಟಿಯನ್ನೂ ಎಳೆದುಕೊಂಡು ಹೋಗುತ್ತದೆ.

‘ಈಗ ಬಿಡ್ತಾರಂತ, ಆಗ ಬಿಡ್ತಾರಂತ’ ಎಂದು ಜನ ಕಾದರು. ಆರೂಕಾಲಿಗೆ ಸೂರ್ಯ ಮುಳುಗಿದರೂ ಗಾಳಿ ಪೂರ್ತಿ ಬೀಳಲಿಲ್ಲ. ಸಂಜೆಯ ಕಾರ್ಯಕ್ರಮ ರದ್ದು ಎಂದು ಮೈಕಿನಲ್ಲಿ ಹೇಳಿದಾಗ ಗೊಣಗಾಟ ಎದ್ದಿತು. ಇಂಥ ಉತ್ಸವಕ್ಕೆ ಒಂದೇ ದಿನಕ್ಕೆಂದು ಬರುವವರು ಬರಿಗೈಲಿ ಹೋಗುವ ಸಾಧ್ಯತೆಯೇ ಹೆಚ್ಚು. ಎರಡು ಬೆಳಗು, ಒಂದು ಸಂಜೆ ಕೈಯಲ್ಲಿಟ್ಟುಕೊಂಡು ಬಂದರೆ ಒಂದಾದರೂ ಸಿಕ್ಕೇ ಸಿಗುತ್ತದೆ.

ರದ್ದಾದ ಸಂಜೆಯಲ್ಲೂ ಕೆಲಸ ನಿಂತಿರಲಿಲ್ಲ. ಸಿಬ್ಬಂದಿ ಸಾಲಾಗಿ ಬಗ್ಗಿ, ಟಾರ್ಚ್ ಹಿಡಿದು ನೆಲ ಹುಡುಕುತ್ತಿದ್ದರು. ಬಳ್ಳಾರಿ ಜಾಲಿಯ ಮುಳ್ಳು! ಬಲೂನಿನ ಬಟ್ಟೆ ರಿಪ್‌ಸ್ಟಾಪ್ ನೈಲಾನ್. ಒಂದೊಂದು ಚೌಕಕ್ಕೂ ದಪ್ಪ ಎಳೆ ಹೆಣೆದಿರುವುದರಿಂದ ಸಣ್ಣ ತೂತು ಹರಿದು ದೊಡ್ಡದಾಗುವುದಿಲ್ಲ. ಆದರೆ ಅಂಗುಲಗಟ್ಟಲೆ ಉದ್ದದ ಜಾಲಿಮುಳ್ಳಿನ ಮೇಲೆ ಬಟ್ಟೆ ಎಳೆದರೆ ಗೀರು ಬೀಳುತ್ತದೆ. ಜೋಳದ ಕೂಳೆಯೂ ಅಷ್ಟೇ ಕೆಟ್ಟದ್ದು. ನೋಡಲು ಬರುವವರೂ ಚಪ್ಪಲಿ ಬಿಟ್ಟು ಗಟ್ಟಿ ಬೂಟು ಹಾಕಿಕೊಳ್ಳುವುದು ಒಳ್ಳೆಯದು. ಜಾಲಿಮುಳ್ಳು ಹವಾಯಿ ಚಪ್ಪಲಿಯನ್ನು ತೂರಿಕೊಂಡು ಕಾಲಿಗೆ ಬರುತ್ತದೆ.

ಮೈದಾನದ ಅಂಚಿನಲ್ಲಿ ಮಂಡಾಳು ಒಗ್ಗರಣೆ, ಮಿರ್ಚಿ. ಎಣ್ಣೆಯಿಂದ ತೆಗೆದ ಬಿಸಿ ಮಿರ್ಚಿಯನ್ನು ಒಗ್ಗರಣೆಯ ಮೇಲಿಟ್ಟು, ಪುಟಾಣಿ ಪುಡಿ ಉದುರಿಸಿ ಕಾಗದದಲ್ಲಿ ಕೊಟ್ಟರು. ಪಕ್ಕದಲ್ಲಿ ಕೂತಿದ್ದ ಅಜ್ಜ ಹತ್ತಿರದ ಊರಿನ ರೈತ. ನಾಲ್ಕು ಎಕರೆ ಕಡಲೆ ಕಿತ್ತು ಕಣಕ್ಕೆ ಹಾಕಿದ್ದಾರೆ, ಇನ್ನೂ ತೂರಿಲ್ಲ.

‘ಯಜ್ಜಾ, ನಾಳೆ ಮುಂಜಾನೆ ಗಾಳಿ ಇರತೈತೇನ್ರಿ?’

‘ಮುಂಜಾನೆ ಎಲ್ಲಿ ಗಾಳಿ? ಹೊತ್ತು ಏರಿ, ಎಂಟೂವರಿ ಒಂಬತ್ತಕ್ಕ ಏಳತೈತಿ. ಅದಕ್ಕ ನಾವು ಒಂಬತ್ತಕ್ಕ ತೂರಾಕ ನಿಲ್ಲತೀವಿ. ಗಾಳಿ ಬಂದಾಗ ತೂರಿಕೋ ಅಂತಾರ. ಇವ್ರು ನೋಡಿದ್ರ ಗಾಳಿ ಹೋಗೋದನ್ನ ಕಾಯಾಕ ಹತ್ಯಾರ.’

ಹವಾಮಾನದ ಆ್ಯಪುಗಳು ಮೂರು ಬೇರೆ ಬೇರೆ ಮಾತು ಹೇಳುತ್ತಿದ್ದವು. ಅಜ್ಜನ ಮಾತೇ ಮರುದಿನ ನಿಜವಾಯಿತು.

ಎರಡನೆಯ ದಿನ: ನೆಲದ ಮೇಲಿನ ಮುಕ್ಕಾಲು ಗಂಟೆ

ಬೆಳಗಿನ ಐದೂಕಾಲಿಗೆ ಮೈದಾನದಲ್ಲಿರಬೇಕು. ಸೂರ್ಯ ಹುಟ್ಟುವುದು ಏಳಕ್ಕೆ ಹತ್ತು ನಿಮಿಷ ಇರುವಾಗ. ಹೊತ್ತು ಹುಟ್ಟಿದ ಮೇಲೆ ಬಂದವರಿಗೆ ದೂರ ಹೋಗುತ್ತಿರುವ ಬಣ್ಣದ ಚುಕ್ಕಿ ಕಾಣುತ್ತದೆ. ಬಲೂನಿನ ನಿಜವಾದ ಸೊಗಸಿರುವುದು ಅದು ನೆಲದಲ್ಲಿರುವ ಮುಕ್ಕಾಲು ಗಂಟೆಯಲ್ಲಿ. ಅದನ್ನು ಬಿಟ್ಟು ಬರೀ ಹಾರುವುದನ್ನು ನೋಡಿದವರು ಅರ್ಧ ಮಾತ್ರ ನೋಡಿದಂತೆ.

ಚಳಿ ಇತ್ತು, ಸುಮಾರು 15 ಡಿಗ್ರಿ. ಚಹಾದ ಒಲೆಯ ಹೊಗೆ ಮೇಲೇರದೆ ಆಳೆತ್ತರದಲ್ಲಿ ಹಾಸಿಕೊಂಡು ನಿಂತಿತ್ತು. ರಾತ್ರಿ ನೆಲ ತಣ್ಣಗಾಗಿ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗಿ ಕೆಳಗೆ ಕೂರುತ್ತದೆ, ಮೇಲಿನ ಬೆಚ್ಚನೆಯ ಪದರ ಅದರ ಮೇಲೆ ಮುಚ್ಚಳದಂತೆ ನಿಲ್ಲುತ್ತದೆ. ಬಲೂನಿಗೆ ಬೇಕಾದ ಸಮಯ ಇದೇ. ಆದರೆ ದೂರದ ಫ್ಯಾನುಗಳ ರೆಕ್ಕೆ ತಿರುಗುತ್ತಲೇ ಇದ್ದವು! ಕೆಳಗೆ ದೀಪ ಅಲುಗದಿದ್ದರೂ ನೂರು ಮೀಟರ್ ಮೇಲೆ ಗಾಳಿ ಓಡುತ್ತಿರುತ್ತದೆ. ನೆಲದ ನಿಶ್ಶಬ್ದ ನೋಡಿ ಮೋಸಹೋಗಬಾರದು ಎಂದು ಪೈಲಟ್‌ಗಳಿಗೆ ಆ ರೆಕ್ಕೆಗಳೇ ಹೇಳುತ್ತಿದ್ದವು.

ಅದನ್ನು ಅಳೆಯಲು ಹೀಲಿಯಂ ತುಂಬಿದ ಸಣ್ಣ ಬಲೂನೊಂದಕ್ಕೆ ಪುಟ್ಟ ದೀಪ ಕಟ್ಟಿ ಬಿಟ್ಟರು. ಅದು ಮೊದಲು ನೆಟ್ಟಗೆ ಏರಿತು, ಆಮೇಲೆ ಒಮ್ಮೆಲೇ ಪಶ್ಚಿಮಕ್ಕೆ ಜಾರಿತು. ದಿಕ್ಸೂಚಿ ಹಿಡಿದು ನಿಮಿಷ ನಿಮಿಷಕ್ಕೆ ಗುರುತು ಹಾಕಿಕೊಂಡರು. ಬಲೂನಿಗೆ ಚುಕ್ಕಾಣಿ ಇಲ್ಲ. ಬೇರೆ ಬೇರೆ ಎತ್ತರದಲ್ಲಿ ಗಾಳಿಯ ದಿಕ್ಕು ಬೇರೆ ಇರುತ್ತದೆ. ಏರಿ ಇಳಿದು ಬೇಕಾದ ಪದರ ಹುಡುಕಿಕೊಳ್ಳುವುದೊಂದೇ ದಾರಿ. ಎಲ್ಲಿ ಇಳಿಯಬಹುದು ಎಂಬುದನ್ನು ನಕ್ಷೆಯ ಮೇಲೆ ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಚೀಲಗಳು ಟ್ರೇಲರಿನಿಂದ ಇಳಿದವು.

ಮೊದಲು ತಾಡಪತ್ರಿ ಹಾಸಿದರು. ಇಬ್ಬನಿ ಜೋರಿತ್ತು. ಒದ್ದೆ ಬಟ್ಟೆ ಭಾರ, ಒದ್ದೆಯಲ್ಲೇ ಮಡಿಚಿಟ್ಟರೆ ಬೂಸು ಹಿಡಿಯುತ್ತದೆ. ಕಡಲೆ ಹೊಲದ ಕಡೆಗಂತೂ ಬಟ್ಟೆ ಎಳೆಯಲೇ ಇಲ್ಲ. ಕಡಲೆ ಗಿಡದ ಮೇಲಿನ ಇಬ್ಬನಿ ಹುಳಿ ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ಹಿಂದೆ ಬಟ್ಟೆ ಹಾಸಿ ಆ ಹುಳಿಯನ್ನು ಹಿಂಡಿಕೊಳ್ಳುತ್ತಿದ್ದರು.

ಬುಟ್ಟಿಗೆ ಬರ್ನರಿನ ಚೌಕಟ್ಟು ಕೂರಿಸಿ, ಸಿಲಿಂಡರಿನ ಕೊಳವೆಗಳನ್ನು ಜೋಡಿಸಿ, ಬುಟ್ಟಿ ನೆಟ್ಟಗಿರುವಾಗಲೇ ಒಮ್ಮೆ ಉರಿಸಿ ನೋಡಿದರು. ಕತ್ತಲಲ್ಲಿ ಮೂರು ನಾಲ್ಕು ಮೀಟರ್ ಉದ್ದದ ಜ್ವಾಲೆ, ಜತೆಗೆ ಎದೆಗೆ ಬಡಿಯುವ ಸದ್ದು. ಊರ ನಾಯಿಗಳೆಲ್ಲ ಒಟ್ಟಿಗೇ ಬೊಗಳಿದವು. ಆಮೇಲೆ ಬುಟ್ಟಿಯನ್ನು ಅಡ್ಡ ಮಲಗಿಸಿ, ಗಾಳಿ ಹೋಗುವ ದಿಕ್ಕಿಗೆ ಬಟ್ಟೆಯನ್ನು ಉದ್ದಕ್ಕೂ ಎಳೆದರು. 3000 ಘನ ಮೀಟರಿನ ಬಲೂನಿನ ಬಟ್ಟೆಯೊಂದೇ ನೂರು ಕೆಜಿ ಮೇಲೆ, ಆರೇಳು ಜನ ಬೇಕು. ಕೆಳಗಿನ ಉಕ್ಕಿನ ತಂತಿಗಳನ್ನು ಒಂದೊಂದಾಗಿ ಬರ್ನರ್ ಚೌಕಟ್ಟಿಗೆ ಕೊಕ್ಕೆಯಿಂದ ಸಿಕ್ಕಿಸಿದರು. ಇಲ್ಲಿ ಅವಸರ ಸಲ್ಲದು. ಒಂದು ತಂತಿ ಇನ್ನೊಂದಕ್ಕೆ ಸುತ್ತಿಕೊಂಡರೆ ಬಾಯಿ ಓರೆಯಾಗುತ್ತದೆ, ಆಮೇಲೆ ಜ್ವಾಲೆ ಬಟ್ಟೆಗೆ ತಾಗುತ್ತದೆ. ಬಾಯಿಯ ಸುತ್ತಲಿನ ಬಟ್ಟೆ ನೈಲಾನ್ ಅಲ್ಲ, ಬೆಂಕಿಗೆ ಸುಲಭಕ್ಕೆ ಹತ್ತದ ನೋಮೆಕ್ಸ್. ಅದಿದ್ದರೂ ಕಪ್ಪಾದ ಗುರುತುಗಳು ಹಳೆಯ ಬಲೂನುಗಳಲ್ಲಿ ಕಾಣುತ್ತವೆ.

ಮುಂದಿನದು ತಣ್ಣನೆಯ ಗಾಳಿ ತುಂಬುವುದು. ಪೆಟ್ರೋಲ್ ಎಂಜಿನ್ನಿನ ದೊಡ್ಡ ಫ್ಯಾನನ್ನು ಬಾಯಿಯ ಓರೆಗೆ ಇಟ್ಟು, ಇಬ್ಬರು ಬಾಯಿಯನ್ನು ಅಗಲಿಸಿ ಹಿಡಿದರು. ಬಟ್ಟೆ ಮೊದಲು ನೆಲದಲ್ಲೇ ಅಲೆಯಂತೆ ಹೊರಳಾಡಿತು. ಹತ್ತು ನಿಮಿಷಕ್ಕೆ ಮಲಗಿದ ಆನೆಯ ಬೆನ್ನಿನಷ್ಟಾಯಿತು, ಆಮೇಲೆ ಅದಕ್ಕಿಂತಲೂ ಎಷ್ಟೋ ಪಟ್ಟು. ಒಳಗೆ ಪೈಲಟ್ ನಡೆದುಹೋಗಿ ನೆತ್ತಿಯವರೆಗೂ ನೋಡಿ ಬಂದರು. ನೆತ್ತಿಯಲ್ಲಿ ದೊಡ್ಡ ದುಂಡು ತೂತು, ಅದನ್ನು ಒಳಗಿನಿಂದ ಮುಚ್ಚುವ ಬಟ್ಟೆಯ ಮುಚ್ಚಳ. ಅದೇ ಪ್ಯಾರಾಶೂಟ್ ವಾಲ್ವ್. ಹಗ್ಗ ಎಳೆದರೆ ಅದು ಕೆಳಗಿಳಿದು ಬಿಸಿಗಾಳಿ ಹೊರಹೋಗುತ್ತದೆ, ಬಿಟ್ಟರೆ ಒಳಗಿನ ಒತ್ತಡವೇ ಅದನ್ನು ಮತ್ತೆ ತೂತಿಗೆ ಕೂರಿಸುತ್ತದೆ. ಗಾಳಿ ತುಂಬುವಾಗ ಅದು ಜಾಗ ಬಿಡದಿರಲಿ ಎಂದು ಸುತ್ತ ವೆಲ್ಕ್ರೋ ಪಟ್ಟಿ ಅಂಟಿಸಿರುತ್ತಾರೆ.

ಎಡವಟ್ಟಾದದ್ದು ಅಲ್ಲೇ. ಮೂರನೆಯ ಬಲೂನಿನಲ್ಲಿ ಆ ಪಟ್ಟಿಗಳು ಎರಡು ಕಡೆ ಸರಿಯಾಗಿ ಅಂಟಿರಲಿಲ್ಲ. ಹಿಂದಿನ ಇಳಿತದ ಮಣ್ಣು ವೆಲ್ಕ್ರೋಗೆ ಸೇರಿತ್ತು. ಮುಕ್ಕಾಲು ತುಂಬಿದಾಗ ಮುಚ್ಚಳ ಒಂದು ಪಕ್ಕಕ್ಕೆ ಜಾರಿತು, ನೆತ್ತಿಯಿಂದ ಗಾಳಿ ಸೋರಿತು, ಬಲೂನು ಸುಕ್ಕಾಯಿತು. ಫ್ಯಾನ್ ನಿಲ್ಲಿಸಿ, ಬಟ್ಟೆ ಇಳಿಸಿ, ಬ್ರಷ್‌ನಿಂದ ಪಟ್ಟಿ ಉಜ್ಜಿ ಮತ್ತೆ ಅಂಟಿಸಲು ಇಪ್ಪತ್ತೈದು ನಿಮಿಷ ಹಿಡಿಯಿತು. ಆ ಇಪ್ಪತ್ತೈದು ನಿಮಿಷ ಅದಕ್ಕೆ ಆ ಬೆಳಗಿನ ಹಾರಾಟವನ್ನೇ ತಪ್ಪಿಸಿತು.

ಉಳಿದೆರಡು ಸಿದ್ಧವಾದವು. ಈಗ ಬೆಂಕಿ. ಪೈಲಟ್ ಮಲಗಿದ ಬುಟ್ಟಿಯಲ್ಲಿ ಮಂಡಿಯೂರಿ, ಬಾಯಿಯ ನಡುವಿಗೆ ಗುರಿಯಿಟ್ಟು ಸಣ್ಣ ಸಣ್ಣದಾಗಿ ಉರಿ ಬಿಟ್ಟರು. ಬಾಯಿ ಹಿಡಿದವರು ಮುಖ ಪಕ್ಕಕ್ಕೆ ತಿರುಗಿಸಿ, ತೊಗಲಿನ ಕೈಗವಸು ಬಿಗಿಹಿಡಿದು ನಿಂತಿದ್ದರು. ಇವರ ಮೈಮೇಲೆ ಹತ್ತಿಬಟ್ಟೆಯೇ ಇರಬೇಕು, ಕಿಡಿ ತಾಗಿದರೆ ನೈಲಾನ್ ಜಾಕೆಟ್ ಕರಗಿ ಚರ್ಮಕ್ಕೆ ಅಂಟುತ್ತದೆ. ಇತ್ತ ಬಲೂನಿನ ನೆತ್ತಿಗೆ ಹೊರಗಿನಿಂದ ಕಟ್ಟಿದ ಹಗ್ಗ ಹಿಡಿದವನು ಮೂವತ್ತು ಮೀಟರ್ ದೂರದಲ್ಲಿ ಹಿಮ್ಮಡಿ ಊರಿ ಜಗ್ಗುತ್ತಿದ್ದ. ಅವನ ಕೆಲಸ ಬಲೂನು ಒಮ್ಮೆಲೇ ಎದ್ದು ಆಚೆ ಪಕ್ಕಕ್ಕೆ ತೂಗದಂತೆ ನಿಧಾನಕ್ಕೆ ಬಿಡುವುದು. ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದು ಮಹಾ ತಪ್ಪು. ಕಾಲು ನೆಲ ಬಿಡುವ ಮುನ್ನ ಹಗ್ಗ ಬಿಡಬೇಕು.

ಎರಡು ನಿಮಿಷದೊಳಗೆ ಆರು ಅಂತಸ್ತಿನ ಎತ್ತರದ ಬಲೂನು ಎದ್ದು ನಿಂತಿತು, ಬುಟ್ಟಿಯೂ ತಾನಾಗಿ ನೆಟ್ಟಗಾಯಿತು. ಒಳಗಿನ ಉರಿಗೆ ಕೆಂಪು, ಹಳದಿ ಪಟ್ಟೆಗಳು ಲಾಟೀನಿನಂತೆ ಬೆಳಗಿದವು. ಮಾತಾಡುತ್ತಿದ್ದ ಜನ ಸುಮ್ಮನಾದರು.

ಯಾಕೆ ಬೆಳಗ್ಗೆಯೇ ಎಂಬುದಕ್ಕೆ ಗಾಳಿಯ ಜತೆ ಇನ್ನೊಂದು ಲೆಕ್ಕವಿದೆ. ಹೊರಗೆ 15 ಡಿಗ್ರಿ, ಒಳಗೆ 90 ಡಿಗ್ರಿ ಇದ್ದರೆ ಈ ಗಾತ್ರದ ಬಲೂನು ಸುಮಾರು 700 ಕೆಜಿ ಎತ್ತುತ್ತದೆ. ಹೊರಗೆ 30 ಡಿಗ್ರಿ ಆದರೆ ಅದೇ ಉರಿಗೆ 550 ಕೆಜಿಯಷ್ಟೇ. ಬಟ್ಟೆ, ಬುಟ್ಟಿ, ಬರ್ನರ್, ತುಂಬಿದ ಸಿಲಿಂಡರುಗಳ ತೂಕ ಕಳೆದರೆ ಬೆಳಗ್ಗೆ ನಾಲ್ವರು ಹಾಯಾಗಿ ಹೋಗುವ ಬುಟ್ಟಿಯಲ್ಲಿ ಮಧ್ಯಾಹ್ನ ಇಬ್ಬರೇ. ಒಳಗಿನ ಶಾಖ ಏರಿಸಿದರೆ ಆಯಿತಲ್ಲ ಎನ್ನಬಹುದು, ಆದರೆ ನೂರು ಡಿಗ್ರಿಯ ಆಚೆ ಬಟ್ಟೆಯ ಆಯುಸ್ಸು ಬೇಗ ಸವೆಯುತ್ತದೆ.

ಸಿಲಿಂಡರಿನಲ್ಲಿದ್ದದ್ದು ಪ್ರೊಪೇನ್. ನಮ್ಮ ಅಡುಗೆಮನೆಯ ಗ್ಯಾಸಿನಲ್ಲಿ ಬ್ಯೂಟೇನ್ ಪಾಲೂ ಇರುತ್ತದೆ. ಅದು ಕುದಿಯುವುದೇ ಸೊನ್ನೆ ಡಿಗ್ರಿಯ ಹತ್ತಿರ, ಹಾಗಾಗಿ ಚಳಿಯ ಬೆಳಗಿನಲ್ಲಿ ಒತ್ತಡ ಸಾಲದು. ಪ್ರೊಪೇನ್ ಕುದಿಯುವುದು ಮೈನಸ್ 42ರಲ್ಲಿ. ಮನೆಯ ಒಲೆಗೆ ಸಿಲಿಂಡರಿನ ಮೇಲಿಂದ ಅನಿಲ ಬಂದರೆ, ಇಲ್ಲಿ ತಳದಿಂದ ದ್ರವವೇ ಬಂದು, ಬರ್ನರಿನ ಸುರುಳಿ ಕೊಳವೆಯಲ್ಲಿ ಕಾಯ್ದು ಆವಿಯಾಗಿ ಉರಿಯುತ್ತದೆ. ಒಂದು ಗಂಟೆಯ ಹಾರಾಟಕ್ಕೆ 30ರಿಂದ 40 ಕೆಜಿ ಬೇಕು, ಅಂದರೆ ಮನೆಯ 14.2 ಕೆಜಿ ಸಿಲಿಂಡರ್ ಎರಡು ಮೂರು. ಅದಕ್ಕೇ ಬೀಡಿ ಹಚ್ಚಿಕೊಂಡು ಹಗ್ಗದ ಒಳಗೆ ಬಂದ ಒಬ್ಬರನ್ನು ಸಿಬ್ಬಂದಿ ಕೈಮುಗಿದು ಹೊರಗೆ ಕಳಿಸಿದರು.

1783ರ ನವೆಂಬರ್ 21ರಂದು ಪ್ಯಾರಿಸ್ಸಿನಲ್ಲಿ ಇಬ್ಬರು ಮೊದಲ ಸಲ ಹಗ್ಗವಿಲ್ಲದೆ ಹಾರಿದ್ದು ಮಾಂಟ್‌ಗಾಲ್ಫಿಯರ್ ಸೋದರರ ಬಲೂನಿನಲ್ಲಿ, ಹುಲ್ಲು ಸುಟ್ಟ ಬಿಸಿಯಲ್ಲಿ. ನೈಲಾನ್ ಬಟ್ಟೆ, ಪ್ರೊಪೇನ್ ಬರ್ನರ್ ಕೂಡಿದ ಇಂದಿನ ರೂಪ ಬಂದದ್ದು 1960ರಲ್ಲಿ, ಅಮೆರಿಕದ ಎಡ್ ಯೋಸ್ಟ್ ಹಾರಿಸಿದಾಗ. ನಮ್ಮವರೇ ಆದ ಉದ್ಯಮಿ ವಿಜಯಪತ್ ಸಿಂಘಾನಿಯಾ 2005ರ ನವೆಂಬರ್ 26ರಂದು ಇಂಥ ಬಲೂನಿನಲ್ಲಿ ಮುಂಬೈಯಿಂದ ಏರಿ 21,027 ಮೀಟರ್ ಎತ್ತರ ಮುಟ್ಟಿದರು.

ಏಳೂ ಐದಕ್ಕೆ ಮೊದಲ ಬಲೂನಿನ ಬಂಧ ಬಿಚ್ಚಿದರು. ಬುಟ್ಟಿಯನ್ನು ಜೀಪಿಗೆ ಕಟ್ಟಿದ ಹಗ್ಗದಲ್ಲಿ ಒಂದೇ ಎಳೆತಕ್ಕೆ ಕಳಚುವ ಕೊಂಡಿ ಇರುತ್ತದೆ. ಸಿಬ್ಬಂದಿ ಬುಟ್ಟಿಯ ಅಂಚನ್ನು ಭಾರ ಹಾಕಿ ಹಿಡಿದಿದ್ದರು, ‘ಕೈ ಬಿಡಿ’ ಎಂದೊಡನೆ ಒಟ್ಟಿಗೇ ಬಿಟ್ಟರು. ಸದ್ದಿಲ್ಲದೆ ಏರಿತು. ಜೋಳದ ಹೊಲದ ಮೇಲೆ ನೆರಳು ತೇಲಿತು. ನಮ್ಮ ಹಿಂದೆ ನಿಂತಿದ್ದ ಹೆಂಗಸೊಬ್ಬರು, ‘ತೇರು ಎಳದಂಗಿಲ್ಲ ನೋಡ್ರಿ, ತೇರೇ ಎದ್ದು ಹೊಂಟಂಗೈತಿ’ ಎಂದರು.

ಮೂರನೆಯದು ಮತ್ತೆ ತುಂಬಿಕೊಳ್ಳುವಷ್ಟರಲ್ಲಿ ಎಂಟೂಕಾಲು. ರಿಬ್ಬನ್ ಅಲುಗತೊಡಗಿತು. ಕರಿ ನೆಲ ಬೇಗ ಕಾಯುತ್ತದೆ, ಕಾಯ್ದ ಗಾಳಿ ಗುಳ್ಳೆಗುಳ್ಳೆಯಾಗಿ ಏಳುತ್ತದೆ, ಆ ಜಾಗಕ್ಕೆ ಸುತ್ತಲಿನದು ನುಗ್ಗುತ್ತದೆ. ಒಂದು ಬೀಸಿಗೆ ಬಲೂನಿನ ಪಕ್ಕ ಚಮಚದಂತೆ ಒಳಕ್ಕೆ ಬಾಗಿತು. ಪೈಲಟ್ ಒಂದು ಕ್ಷಣವೂ ಯೋಚಿಸದೆ ವಾಲ್ವಿನ ಹಗ್ಗ ಎಳೆದು ಬಲೂನನ್ನು ನೆಲಕ್ಕಿಳಿಸಿದರು. ದುಡ್ಡು ಕೊಟ್ಟು ಬಂದವರು ಬೇಸರಪಟ್ಟರು. ಆ ಬೆಳಗಿನ ಅತ್ಯುತ್ತಮ ನಿರ್ಧಾರ ಅದೇ ಆಗಿತ್ತು.

ಹಗಲಿಡೀ ಬಿಡುವು. ಇಟಗಿಯ ಮಹಾದೇವ ದೇವಾಲಯಕ್ಕೆ ಹೋಗಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಗುಡಿ. 1112ರ ಶಾಸನ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಊಟಕ್ಕೆ ಕುಕನೂರಿನಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಮೇಲೆ ಗಟ್ಟಿ ಮೊಸರು.

ಸಂಜೆ ಗಾಳಿ ಬಿದ್ದಿತು. ಆರೂಮುಕ್ಕಾಲಿಗೆ ಮೂರೂ ಬಲೂನುಗಳನ್ನು ಹಗ್ಗ ಬಿಗಿದು ನೆಲದಲ್ಲೇ ನಿಲ್ಲಿಸಿ ಬೆಳಗಿಸಿದರು. ಇದಕ್ಕೆ ಬಳಸುವುದು ಮುಖ್ಯ ಬರ್ನರ್ ಅಲ್ಲ, ಪಕ್ಕದ ಮೆತ್ತನೆಯ ಬರ್ನರ್. ಅದರ ಉರಿ ಹಳದಿ, ಹೆಚ್ಚು ಬೆಳಕು, ಕಡಿಮೆ ಸದ್ದು. ದನಕರುಗಳಿರುವ ಹೊಲದ ಮೇಲೆ ತಗ್ಗಿ ಹಾರುವಾಗಲೂ ಅದನ್ನೇ ಬಳಸುತ್ತಾರೆ. ಫೋಟೊ ತೆಗೆಯುವವರು ಗಾಳಿ ಬರುವ ಕಡೆ, ಬುಟ್ಟಿಯ ಓರೆಗೆ ನಿಂತರೆ ಬಲೂನು ತಮ್ಮ ಮೇಲೆ ಬಾಗುವ ಭಯವಿಲ್ಲ.

ಮೂರನೆಯ ದಿನ: ಬೆನ್ನಟ್ಟಿದ ಜೀಪು

ಮೂರನೆಯ ಬೆಳಗು ಮೂರೂ ಎದ್ದವು. ಈ ಸಲ ನಮ್ಮ ಕಣ್ಣು ಜೀಪಿನ ಮೇಲೆ. ಬಲೂನು ಎಲ್ಲಿಳಿಯುತ್ತದೋ ಅಲ್ಲಿಗೆ ಟ್ರೇಲರ್ ಸಮೇತ ತಲುಪುವುದು ನೆಲದವರ ಕೆಲಸ. ರೇಡಿಯೋದಲ್ಲಿ ದಿಕ್ಕು ಬರುತ್ತಿರುತ್ತದೆ, ಕೆಳಗೆ ದಾರಿ ಮಾತ್ರ ಬೇರೆ ಕಡೆ ತಿರುಗುತ್ತದೆ. ನಕ್ಷೆಯಲ್ಲಿ ರಸ್ತೆಯೆಂದು ತೋರಿಸಿದ್ದು ಬಂಡಿ ಜಾಡಾಗಿತ್ತು, ರಾತ್ರಿ ಯಾರೋ ಪಕ್ಕದ ಹೊಲಕ್ಕೆ ನೀರು ಹಾಯಿಸಿದ್ದರು. ಒದ್ದೆ ಎರೆ ಚಕ್ರಕ್ಕೆ ಮೆತ್ತಿಕೊಂಡು ನಮ್ಮ ಕಾರು ಅಚ್ಚಿನವರೆಗೂ ಹೂತಿತು. ಎರೆಯಲ್ಲಿ ಆ್ಯಕ್ಸಿಲರೇಟರ್ ಒತ್ತಿದಷ್ಟೂ ಹೂಳುತ್ತದೆ. ಜೋಳದ ದಂಟು ತಂದು ಚಕ್ರದ ಕೆಳಗೆ ಹಾಕಿ, ಹಾದಿಯಲ್ಲಿದ್ದ ನಾಲ್ವರು ತಳ್ಳಿದ ಮೇಲೆ ಹೊರಬಂತು. ಈ ಭಾಗದಲ್ಲಿ ಬೆನ್ನಟ್ಟುವ ಆಸೆಯಿದ್ದರೆ ಬೈಕೇ ಸರಿ.

ತಲುಪಿದಾಗ ಬಲೂನು ಕಿತ್ತ ಕಡಲೆ ಹೊಲದ ಮೇಲೆ ತೆಂಗಿನ ಮರದೆತ್ತರದಲ್ಲಿತ್ತು. ಬುಟ್ಟಿಯವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ, ಮಂಡಿ ಸ್ವಲ್ಪ ಮಡಿಚಿ, ಒಳಗಿನ ಹಗ್ಗದ ಹಿಡಿ ಹಿಡಿದಿದ್ದರು. ನೆಲ ತಾಗಿ, ಒಮ್ಮೆ ಪುಟಿದು, ಎಂಟು ಹತ್ತು ಮೀಟರ್ ಎಳೆದು ನಿಂತಿತು. ಪೈಲಟ್ ‘ಇಳಿಯಬೇಡಿ’ ಎಂದು ಕೂಗಿದರು. ಒಬ್ಬರು ಇಳಿದರೂ ಅಷ್ಟು ಭಾರ ಕಡಿಮೆಯಾಗಿ ಉಳಿದವರನ್ನು ಹೊತ್ತು ಬಲೂನು ಮತ್ತೆ ಏಳುತ್ತದೆ. ಊರ ಹುಡುಗರು ಓಡಿಬಂದು ಬುಟ್ಟಿ ಹಿಡಿಯಲು ನೋಡಿದರು. ಒಳಗಿರುವ ಗಾಳಿಯೇ ಎರಡೂಮುಕ್ಕಾಲು ಟನ್ ತೂಗುತ್ತದೆ. ಚಲಿಸುವಾಗ ಅದನ್ನು ಕೈಯಿಂದ ನಿಲ್ಲಿಸಲಾಗದು.

ಹೊಲದ ಯಜಮಾನರು ಬಂದರು. ಹೊಲ ಕಿತ್ತಾಗಿದ್ದರಿಂದ ಬೆಳೆ ಹಾಳಾಗಿರಲಿಲ್ಲ, ಆದರೂ ನೆಲದವರ ಮುಖ್ಯಸ್ಥರು ಮೊದಲು ಅವರ ಬಳಿ ಹೋಗಿ ಕೈಮುಗಿದು ಕೇಳಿ, ಆಮೇಲೆ ಜೀಪು ಒಳಗೆ ತಂದರು. ‘ಇಳದ್ರ ಇಳೀರಿ, ಆದ್ರ ಬದುವು ಒಡೀಬ್ಯಾಡ್ರಿ’ ಎಂದರು ಯಜಮಾನರು. ಈ ಒಂದು ಮಾತಿನ ಸೌಜನ್ಯ ತಪ್ಪಿದರೆ ಮುಂದಿನ ವರ್ಷ ಆ ಊರಿನ ಹೊಲದಲ್ಲಿ ಇಳಿಯಲಾಗದು.

ಮಡಿಚುವುದು ತುಂಬುವುದಕ್ಕಿಂತ ಬೆವರಿನ ಕೆಲಸ. ನೆತ್ತಿಯ ಹಗ್ಗ ಜಗ್ಗಿ ಬಲೂನನ್ನು ಮಲಗಿಸಿ, ಬಾಯಿಯಿಂದ ನೆತ್ತಿಯ ಕಡೆಗೆ ಬಟ್ಟೆಯನ್ನು ತಬ್ಬಿ ಒತ್ತುತ್ತ ಗಾಳಿ ಹೊರಹಾಕಿ, ಉದ್ದನೆಯ ಹಾವಿನಂತೆ ಮಾಡಿ, ತೋಳಿನಿಂದ ತೋಳಿಗೆ ದಾಟಿಸುತ್ತ ಚೀಲಕ್ಕೆ ತುರುಕಬೇಕು. ಅರ್ಧ ತಾಸು ಹಿಡಿಯಿತು. ಊರ ಹುಡುಗರು ಎಂಟು ಮಂದಿ ಕೈಜೋಡಿಸಿದರು. ವೆಲ್ಕ್ರೋ ಪಟ್ಟಿಗಳಿಗೆ ಮಣ್ಣು ಸೇರದಂತೆ ಈ ಸಲ ನೆತ್ತಿಯ ಕೆಳಗೆ ತಾಡಪತ್ರಿ ಹಾಸಿದ್ದರು.

ಚೀಲದ ಬಾಯಿ ಬಿಗಿಯುವಾಗ ಒಂಬತ್ತು ದಾಟಿತ್ತು. ಗಾಳಿ ಎದ್ದಿತು. ಎರಡು ಹೊಲದಾಚೆಯ ಕಣದಲ್ಲಿ ಮೊದಲ ದಿನದ ಅಜ್ಜ ತಲೆಗೆ ಟವೆಲ್ ಸುತ್ತಿ ನಿಂತಿದ್ದರು. ಮೊರ ಎತ್ತಿ ಹಿಡಿದರು, ಕಡಲೆ ನೆಟ್ಟಗೆ ಕೆಳಗೆ ಬಿತ್ತು, ಹೊಟ್ಟು ಪಶ್ಚಿಮಕ್ಕೆ, ಬಲೂನು ಹೋದ ದಾರಿಯಲ್ಲೇ ಹಾರಿತು.